ಟೇಬಲ್ ಟೆನ್ನಿಸಿನಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆತವನ್ನು ಚುರುಕುಗೊಳಿಸುವ ಕ್ರಮ

ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ ಮೊದಲು ಕೇಳುವ ಮಾತು ಬಹಳ ಸಾರಿ ಒಂದೇ ಆಗಿರುವದು: "ಟೀಚರೇ, ಆ ಹಸುರು ಮೇಜು ಇನ್ನೂ ಉಂಟೋ?" ಉಂಟು. ಅದರ ಒಂದು ಕಾಲಿಗೆ ಬಡಗಿಯು ಎರಡು ಸಾರಿ ಪಟ್ಟಿ ಹೊಡೆದಿದ್ದಾನೆ. ಬಲೆಯನ್ನು ಎಷ್ಟೋ ಸಾರಿ ಬದಲಾಯಿಸಿದ್ದೇವೆ. ಆದರೆ ಸಾಯಂಕಾಲದ ಗಂಟೆ ಹೊಡೆದ ಕೂಡಲೆ ಸಭಾಮಂದಿರದ ಹಿಂದಣ ಜಗಲಿಯಿಂದ ಕೇಳಿಬರುವ ಟಕ್ ಟಕ್ ಸದ್ದು ಮಾತ್ರ ನಿಂತಿಲ್ಲ. ಈ ಸಂಚಿಕೆಗೆ ನಾನೊಂದು ಲೇಖನವನ್ನು ಕೊಡಬೇಕೆಂದು ಸಹೋಪಾಧ್ಯಾಯಿನಿಯರು ಕೇಳಿಕೊಂಡಾಗ, ಆ ಮೇಜಿನ ಬಳಿಯಲ್ಲಿ ನಾನೇ ಕಲಿತ ಒಂದು ಪಾಠವನ್ನು ಬರೆಯುವದು ಒಳ್ಳೆಯದೆಂದು ತೋರಿತು. ಆಡುವ ಹುಡುಗಿಯರಿಗೆ ಇದು ಕೈಯ ಪಾಠ. ಅವರನ್ನು ಬೆಳಿಸುವ ತಂದೆತಾಯಂದಿರಿಗೂ ಇದರಿಂದ ಏನಾದರೂ ಉಪಯೋಗವಾದೀತೆಂದು ನಂಬುತ್ತೇನೆ.

ಆಟವನ್ನರಿಯದವರಿಗಾಗಿ ಮೊದಲು ಎರಡು ಮಾತು. ಟೇಬಲ್ ಟೆನ್ನಿಸಿನ ಮೇಜು ೨.೭೪ ಮೀಟರು, ಅಂದರೆ ಒಂಬತ್ತು ಅಡಿ ಉದ್ದ, ೧.೫೨೫ ಮೀಟರು, ಅಂದರೆ ಐದು ಅಡಿ ಅಗಲ. ನೆಲದಿಂದ ೭೬ ಸೆಂಟಿಮೀಟರು ಎತ್ತರ. ನಡುವಣ ಬಲೆಯ ಎತ್ತರವು ೧೫.೨೫ ಸೆಂಟಿಮೀಟರು. ಚೆಂಡಿನ ತೂಕವಾದರೋ ೨.೭ ಗ್ರಾಂ ಮಾತ್ರ. ನಾನು ಬಾಲಕಿಯಾಗಿದ್ದಾಗ ಚೆಂಡಿನ ವ್ಯಾಸವು ೩೮ ಮಿಲಿಮೀಟರು ಇತ್ತು. ೨೦೦೦ದಲ್ಲಿ ಅದನ್ನು ೪೦ಕ್ಕೆ ಏರಿಸಿದರು. ಆಗ ೨೧ ಅಂಕಗಳಿಗೆ ಒಂದು ಗೇಮು; ೨೦೦೧ರಿಂದ ೧೧ ಅಂಕಗಳಿಗೆ ಒಂದು. ೨೦೧೪ರಿಂದ ದೊಡ್ಡ ಪಂದ್ಯಗಳಲ್ಲಿ ಸೆಲ್ಯುಲಾಯ್ಡಿನ ಚೆಂಡಿಗೆ ಬದಲಾಗಿ ಪ್ಲಾಸ್ಟಿಕ್ಕಿನ ಚೆಂಡು ಬಳಕೆಗೆ ಬಂದಿತು.

ಇಂಗ್ಲೆಂಡಿನಲ್ಲಿ ಊಟದ ಮೇಜಿನ ಮೇಲೆ ವಿನೋದಕ್ಕಾಗಿ ಆಡುತ್ತಿದ್ದ ಈ ಆಟಕ್ಕೆ ೧೯೨೬ರಲ್ಲಿ ಅಂತರರಾಷ್ಟ್ರೀಯ ಸಂಘವು ಏರ್ಪಟ್ಟು, ಅದೇ ವರುಷ ಲಂಡನಿನಲ್ಲಿ ಪ್ರಥಮ ಜಾಗತಿಕ ಪಂದ್ಯಾಟವು ನಡೆಯಿತು. ಸ್ತ್ರೀಯರಿಗೆ ಈ ಆಟದಲ್ಲಿ ಸ್ಥಳವು ತಡವಾಗಿ ದೊರೆತದ್ದಲ್ಲ. ಆ ಮೊದಲನೆಯ ಪಂದ್ಯಾಟದಲ್ಲಿಯೇ ಸ್ತ್ರೀಯರ ಸಿಂಗಲ್ಸ್ ಇತ್ತು. ಹಂಗೆರಿಯ ಮಾರಿಯಾ ಮೆಡ್ನ್ಯಾನ್ಸ್ಕಿ ಎಂಬಾಕೆ ಅದನ್ನು ಗೆದ್ದಳು. ಮುಂದಿನ ನಾಲ್ಕು ಪಂದ್ಯಾಟಗಳಲ್ಲಿಯೂ ಆಕೆಯೇ ಗೆದ್ದಳು. ೧೯೫೨ರಲ್ಲಿ ಈ ಪಂದ್ಯಾಟವು ನಮ್ಮ ದೇಶದ ಮುಂಬಯಿಗೇ ಬಂದಿತು. ಅಲ್ಲಿ ಜಪಾನಿನ ಹಿರೋಜಿ ಸಾತೋ ಎಂಬಾತನು ದಪ್ಪವಾದ ಸ್ಪಂಜು ಹಚ್ಚಿದ ಬ್ಯಾಟಿನಿಂದ ಆಡಿ ಪುರುಷರ ಸಿಂಗಲ್ಸನ್ನು ಗೆದ್ದನು. ಅಂದಿನಿಂದ ಆಟದ ವೇಗವೇ ಬದಲಾಯಿತು. ೧೯೫೯ರಲ್ಲಿ ಸ್ಪಂಜು ಮತ್ತು ರಬ್ಬರು ಕೂಡಿ ೪ ಮಿಲಿಮೀಟರಿಗಿಂತ ದಪ್ಪವಾಗಿರಕೂಡದೆಂದು ಕಟ್ಟಳೆ ಮಾಡಿದರು. ಈ ಸಂಗತಿಯನ್ನು ಮುಂದಿನ ಪಾಠಕ್ಕಾಗಿ ನೆನಪಿನಲ್ಲಿಡಬೇಕು. ಯಾಕಂದರೆ ಇಂದಿನ ಬ್ಯಾಟಿನೊಳಗೇ ವೇಗದ ಒಂದು ಪಾಲು ಇದೆ. ಅದನ್ನೆಲ್ಲಾ ನಮ್ಮ ತೋಳಿನಿಂದಲೇ ತರಬೇಕಾಗಿಲ್ಲ.

ಬಲಗೈಯವಳು ತನ್ನ ಬಲಮಗ್ಗುಲಿಗೆ ಬಂದ ಚೆಂಡನ್ನು ಅಂಗೈ ಮುಂದಾಗಿ ಹೊಡೆಯುವದು ಫೋರ್‌ಹ್ಯಾಂಡ್. ಎಡಮಗ್ಗುಲಿಗೂ ಹೊಟ್ಟೆಯ ನೇರಕ್ಕೂ ಬಂದದ್ದನ್ನು ಹಿಂಗೈ ಮುಂದಾಗಿ ಹೊಡೆಯುವದು ಬ್ಯಾಕ್‌ಹ್ಯಾಂಡ್. ಫೋರ್‌ಹ್ಯಾಂಡಿಗೆ ಹೆಗಲಿನ ಹಿಂದಣ ಬಯಲೆಲ್ಲಾ ಇದೆ. ಕೈಯನ್ನು ಬೇಕಾದಷ್ಟು ಹಿಂದಕ್ಕೆ ಒಯ್ಯಬಹುದು. ಬ್ಯಾಕ್‌ಹ್ಯಾಂಡಿಗೆ ಅಷ್ಟು ಸ್ಥಳವಿಲ್ಲ. ಹಿಂದೆ ನಮ್ಮ ಹೊಟ್ಟೆಯೇ ಅಡ್ಡವಾಗಿದೆ. ಆದಕಾರಣ ಕಲಿಯುವ ಹುಡುಗಿಯರಲ್ಲಿ ಹೆಚ್ಚಿನವರ ಬ್ಯಾಕ್‌ಹ್ಯಾಂಡ್ ಸಪ್ಪೆಯಾಗಿರುವದು. ಇದನ್ನು ಚುರುಕುಮಾಡುವದು ಹೇಗೆ ಎಂಬದೇ ನಮ್ಮ ಪ್ರಶ್ನೆ. ಅದಕ್ಕೆ ನಾನು ಮೊದಲು ಕೊಟ್ಟ ಉತ್ತರವು ತಪ್ಪಾಗಿತ್ತು. ಆ ತಪ್ಪನ್ನು ಮರೆಮಾಚದೆ ಹೇಳುತ್ತೇನೆ.

ಸುಮಾರು ಹದಿನೈದು ವರುಷಗಳ ಕೆಳಗೆ, ನಾನು ವಿಜ್ಞಾನವನ್ನು ಕಲಿಸುತ್ತ ಆಟಗಳ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಒಬ್ಬ ಬಾಲಕಿಯಿದ್ದಳು. ಅವಳ ಫೋರ್‌ಹ್ಯಾಂಡ್ ನಿಂತು ನೋಡತಕ್ಕದ್ದಾಗಿತ್ತು. ಎಡಕ್ಕೆ ಬಂದ ಚೆಂಡನ್ನಾದರೋ ಮೆಲ್ಲಗೆ ತಡೆದು ಕಳುಹಿಸುವಳು, ಇಲ್ಲವೆ ಓಡಿ ಸುತ್ತಿ ಬಲಗಡೆಗೆ ಮಾಡಿಕೊಳ್ಳುವಳು. ಶಾಲೆಗಳ ನಡುವಣ ಪಂದ್ಯದಲ್ಲಿ ಎದುರಾಳಿ ಹುಡುಗಿಯು ಮೊದಲನೆಯ ಗೇಮಿನಲ್ಲಿಯೇ ಇದನ್ನು ಕಂಡುಕೊಂಡಳು. ಆ ಬಳಿಕ ಚೆಂಡೆಲ್ಲಾ ಎಡಕ್ಕೇ ಬಂದಿತು. ನಮ್ಮವಳು ಓಡಿ ಓಡಿ ದಣಿದು ಮೂರು ಗೇಮುಗಳಲ್ಲಿ ಸೋತಳು.

ಹಿಂದಿರುಗಿದ ಮರುದಿನವೇ ನಾನು ಅವಳಿಗೆ, "ನಿನ್ನ ಕೈಯಲ್ಲಿ ಬಲ ಸಾಲದು, ಇನ್ನೂ ಬಲವಾಗಿ ಹೊಡೆ" ಎಂದೆನು. ಅವಳು ವಿಧೇಯಳಾದ ಹುಡುಗಿ. ಬೆರಳಿನ ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಬ್ಯಾಟನ್ನು ಹಿಡಿದು, ಹೆಗಲನ್ನು ಎತ್ತಿ, ಹಲ್ಲು ಕಚ್ಚಿ ಹೊಡೆದಳು. ಹೊಡೆದ ಚೆಂಡಿನಲ್ಲಿ ಅರ್ಧವು ಬಲೆಗೆ ಬಿತ್ತು, ಅರ್ಧವು ಮೇಜನ್ನು ದಾಟಿ ಗೋಡೆಗೆ ಬಡಿಯಿತು. ನಾನು, "ಇನ್ನೂ ಬಲ, ಇನ್ನೂ ಬಲ" ಎನ್ನುತ್ತಲೇ ಇದ್ದೆನು. ಮೂರು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ತಾಯಿಯವರು ಬಂದರು. ಅವರು ಕೋಪದಿಂದ ಮಾತಾಡಲಿಲ್ಲ. "ಟೀಚರೇ, ಹುಡುಗಿಗೆ ಮೊಣಕೈ ನೋವಿನಿಂದ ಬರೆಯಲಿಕ್ಕಾಗುವದಿಲ್ಲ. ನಿನ್ನೆ ಜಡೆ ಹಾಕಿಕೊಳ್ಳಲಿಕ್ಕೂ ಆಗಲಿಲ್ಲ. ಇನ್ನು ಅವಳಿಗೆ ಆಟ ಬೇಡ. ಹೇಳಿದ್ದನ್ನು ಮಾಡುವವಳು ಅವಳು, ನೀವು ಹೇಳಿದ್ದನ್ನೇ ಮಾಡಿದ್ದಾಳೆ" ಎಂದು ಹೇಳಿ ಎದ್ದು ಹೋದರು. ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ಅದೇ ವಾರ ಮಧ್ಯಾಹ್ನದ ಬಿಡುವಿನಲ್ಲಿ ನಾನು ನಲ್ಲಿಯ ಬಳಿ ಹಾದುಹೋಗುತ್ತಿದ್ದೆನು. ಮಕ್ಕಳು ಉಂಡು ಬುತ್ತಿಯ ಡಬ್ಬಿಗಳನ್ನು ತೊಳೆಯುತ್ತಿದ್ದರು. ಐದನೆಯ ತರಗತಿಯ ಚಿಕ್ಕವಳೊಬ್ಬಳು ಡಬ್ಬಿಯ ಮುಚ್ಚಳವನ್ನು ತೊಳೆದು, ಹೊಟ್ಟೆಯ ಮುಂದೆ ಹಿಡಿದು, ಸರ್ರನೆ ಹೊರಕ್ಕೆ ಕೊಡವಿದಳು. ನೀರಿನ ಹನಿಗಳು ಎರಡು ಮಾರು ದೂರ ಹಾರಿಬಿದ್ದವು. ಅವಳು ಹಲ್ಲು ಕಚ್ಚಲಿಲ್ಲ, ಹೆಗಲೆತ್ತಲಿಲ್ಲ. ಪಕ್ಕದವಳ ಸಂಗಡ ಮಾತಾಡುತ್ತಲೇ ಇದ್ದಳು. ನಾನು ಅಲ್ಲಿಯೇ ನಿಂತುಬಿಟ್ಟೆನು. ಯಾರೂ ಕಲಿಸದೆ ಅವಳು ಮಾಡಿದ್ದು ಬ್ಯಾಕ್‌ಹ್ಯಾಂಡ್ ಹೊಡೆತವೇ. ನಾನು ಮೂರು ವಾರ ಕೂಗಿ ಕಲಿಸಿದ್ದು ಅದಕ್ಕೆ ನೇರ ವಿರುದ್ಧವಾದದ್ದು. ಆ ಮೇಲೆ ಆಟವನ್ನು ಬಲ್ಲವರನ್ನು ಕೇಳಿ, ಓದಿ, ನಾನೇ ಬ್ಯಾಟು ಹಿಡಿದು ಪರೀಕ್ಷಿಸಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಬಲಗೈಯವಳನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಎಡಗೈಯವಳು ಎಡಬಲಗಳನ್ನು ಬದಲಾಯಿಸಿ ಓದಿಕೊಳ್ಳಲಿ.

೧. ನಿಲುವು

ಮೇಜಿನಿಂದ ಒಂದು ಮೊಳಕ್ಕೆ ಸ್ವಲ್ಪ ಹೆಚ್ಚು ದೂರದಲ್ಲಿ ನಿಲ್ಲತಕ್ಕದ್ದು. ಪಾದಗಳು ಹೆಗಲಿಗಿಂತ ತುಸು ಅಗಲವಾಗಿಯೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿಯೂ ಇರಲಿ. ಮೊಣಕಾಲುಗಳು ಸಡಿಲವಾಗಿ ಬಾಗಿರಬೇಕು; ಭಾರವು ಹಿಮ್ಮಡಿಯ ಮೇಲಲ್ಲ, ಪಾದದ ಮುಂಭಾಗದ ಮೇಲಿರಬೇಕು. ಮೈ ಸ್ವಲ್ಪ ಮುಂದಕ್ಕೆ ಬಾಗಿರಲಿ. ನೆಟ್ಟಗೆ ಕಂಬದಂತೆ ನಿಂತವಳಿಗೆ ಚೆಂಡು ಬಂದ ಮೇಲೆ ಮೊದಲು ಬಾಗುವ ಕೆಲಸ, ಆಮೇಲೆ ಹೊಡೆಯುವ ಕೆಲಸ. ಎರಡಕ್ಕೂ ವೇಳೆ ಸಾಲದು. ಎಡಗೈಯನ್ನು ಜೋತುಬಿಡದೆ ಮುಂದೆ ಇಟ್ಟುಕೊಂಡರೆ ಮೈಯ ತೂಕವು ಸರಿಯಾಗಿ ನಿಲ್ಲುವದು.

೨. ಹಿಡಿತ

ಒಬ್ಬರ ಕೈಕುಲುಕುವಂತೆ ಬ್ಯಾಟನ್ನು ಹಿಡಿಯಬೇಕು. ತೋರುಬೆರಳು ಬ್ಯಾಕ್‌ಹ್ಯಾಂಡಿನ ರಬ್ಬರಿನ ಕೆಳಅಂಚಿನ ಗುಂಟ ಚಾಚಿರಲಿ. ಹೆಬ್ಬೆರಳು ಮತ್ತೊಂದು ಬದಿಯಲ್ಲಿ ಹಗುರವಾಗಿ ಒರಗಿರಲಿ. ಉಳಿದ ಮೂರು ಬೆರಳುಗಳು ಹಿಡಿಯನ್ನು ಮೃದುವಾಗಿ ಸುತ್ತಿಕೊಂಡಿರಲಿ. ಹಿಡಿತವು ಎಷ್ಟು ಬಿಗಿಯಿರಬೇಕೆಂಬದಕ್ಕೆ ಒಂದು ಪರೀಕ್ಷೆಯುಂಟು. ಜೊತೆಗಾರ್ತಿಯು ಬ್ಯಾಟಿನ ತುದಿಯನ್ನು ಹಿಡಿದು ಮೆಲ್ಲಗೆ ಎಳೆಯಲಿ. ಅದು ಜಾರಿ ಬಂದರೆ ಹಿಡಿತವು ಸರಿ. ಆಕೆ ಜಗ್ಗಬೇಕಾಗಿ ಬಂದರೆ ಬಿಗಿಯು ಅತಿಯಾಯಿತು. ಚೆಂಡು ತಗಲುವ ಕ್ಷಣದಲ್ಲಿ ಬೆರಳುಗಳು ತಾವಾಗಿಯೇ ಒಂದಿಷ್ಟು ಬಿಗಿಯಾಗುವವು. ತಗಲಿದ ಮೇಲೆ ತಿರಿಗಿ ಸಡಿಲವಾಗಬೇಕು. ಯಾವಾಗಲೂ ಬಿಗಿದುಕೊಂಡಿರುವ ಸ್ನಾಯುವು ಬೇಗನೆ ಚಲಿಸಲಾರದು. ಕೈಯನ್ನು ಮಡಿಸುವ ಸ್ನಾಯುವೂ ಬಿಚ್ಚುವ ಸ್ನಾಯುವೂ ಒಂದೇ ವೇಳೆಯಲ್ಲಿ ಎಳೆದರೆ ಒಂದು ಮತ್ತೊಂದಕ್ಕೆ ತಡೆಯಾಗುವದು. ನನ್ನ ಆ ಶಿಷ್ಯೆಯ ಕೈಯಲ್ಲಿ ಬಲವಿರಲಿಲ್ಲವೆಂದಲ್ಲ. ಅವಳ ಬಲವು ಅವಳನ್ನೇ ತಡೆಯುತ್ತಿತ್ತು. ಮೊಣಕೈ ನೋವು ಬಂದದ್ದೂ ಆ ಬಿಗಿಯಿಂದಲೇ.

೩. ಮೊಣಕೈ ಮತ್ತು ಮಣಿಕಟ್ಟು

ಬಾಗಿಲು ತೆರೆಯುವಾಗ ಕೀಲು ಸ್ಥಳವನ್ನು ಬಿಡುವದಿಲ್ಲ. ಹಲಗೆಯು ಅದರ ಸುತ್ತ ತಿರುಗುವದು. ಬ್ಯಾಕ್‌ಹ್ಯಾಂಡಿನಲ್ಲಿ ಮೊಣಕೈಯೇ ಆ ಕೀಲು. ಅದು ಪಕ್ಕೆಗೆ ಅಂಟಿಕೊಂಡಿರದೆ ಮೈಯಿಂದ ಸುಮಾರು ಒಂದು ಗೇಣು ಮುಂದಿರಲಿ. ಹಾಗಿದ್ದರೆ ಹೊಟ್ಟೆಯ ಮುಂದೆ ಬ್ಯಾಟಿಗೆ ಆಡುವಷ್ಟು ಸ್ಥಳ ದೊರೆಯುವದು. ಹೊಡೆಯುವ ಮುಂಚೆ ಬ್ಯಾಟು ಹೊಕ್ಕುಳ ನೇರಕ್ಕೆ ಬಂದು, ಅದರ ತುದಿಯು ಎಡಕ್ಕೆ ನೋಡಬೇಕು. ಅದಕ್ಕಿಂತ ಹಿಂದಕ್ಕೆ ಒಯ್ಯಬೇಕಾಗಿಲ್ಲ. ಅಲ್ಲಿಂದ ಮುಂಗೈಯು ಮುಂದಕ್ಕೂ ತುಸು ಮೇಲಕ್ಕೂ ಬಿಚ್ಚಿಕೊಳ್ಳುವದು. ಅದರ ಕೊನೆಯಲ್ಲಿ ಮಣಿಕಟ್ಟು ಮುಚ್ಚಳವನ್ನು ಕೊಡವಿದಂತೆ ಬಿಚ್ಚಿಕೊಳ್ಳುವದು. ಸೊಂಟದ ಸಣ್ಣ ತಿರುಗು, ಆಮೇಲೆ ಮುಂಗೈ, ಕಡೆಯಲ್ಲಿ ಮಣಿಕಟ್ಟು, ಹೀಗೆ ಒಂದರ ಹಿಂದೆ ಒಂದು ಬಂದರೆ ಬ್ಯಾಟಿನ ತುದಿಗೆ ಬರುವಷ್ಟರಲ್ಲಿ ವೇಗವು ಹೆಚ್ಚಿರುವದು. ಎಲ್ಲವೂ ಒಟ್ಟಿಗೆ ಹೊರಟರೆ ತಳ್ಳಿದಂತಾಗುವದೇ ಹೊರತು ಹೊಡೆದಂತಾಗದು. ಮೊಣಕೈಯನ್ನು ಜರ್ರೆಂದು ಪೂರ್ತಿ ನೆಟ್ಟಗೆ ಚಾಚಿಬಿಡಕೂಡದು. ಅದರಿಂದ ಕೀಲಿಗೆ ಪೆಟ್ಟು.

೪. ಚೆಂಡನ್ನು ಸಂಧಿಸುವ ಕಾಲ

ಇಲ್ಲಿ ವಿಜ್ಞಾನದ ಉಪಾಧ್ಯಾಯಿನಿಯ ಒಂದು ಲೆಕ್ಕವನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಸೆಕೆಂಡಿಗೆ ೧೦ ಮೀಟರಿನಂತೆ ಹೋಗುವ ಚೆಂಡು ಮೇಜಿನ ಈ ಕೊನೆಯಿಂದ ಆ ಕೊನೆಗೆ ಮುಟ್ಟಲು ಸೆಕೆಂಡಿನ ನೂರರಲ್ಲಿ ೨೭ ಅಂಶ ಹಿಡಿಯುವದು. ವೇಗವನ್ನು ಒಂದೂವರೆ ಪಟ್ಟು ಮಾಡಿ ೧೫ ಮೀಟರಿಗೆ ಏರಿಸಿದರೆ ೧೮ ಅಂಶ ಹಿಡಿಯುವದು. ಅಷ್ಟೆಲ್ಲಾ ಕಷ್ಟಪಟ್ಟು ಎದುರಾಳಿಯ ವೇಳೆಯಿಂದ ನಾವು ಕಡಿಮೆ ಮಾಡಿದ್ದು ನೂರರಲ್ಲಿ ೯ ಅಂಶ. ಈಗ ಮತ್ತೊಂದನ್ನು ನೋಡಿರಿ. ನಮ್ಮ ಕಡೆಯ ಮೇಜಿನ ಮೇಲೆ ಪುಟಿದ ಚೆಂಡು ೨೦ ಸೆಂಟಿಮೀಟರು ಏರಿ ತಿರಿಗಿ ಮೇಜಿನ ಮಟ್ಟಕ್ಕೆ ಇಳಿಯುವದೆಂದು ಇಟ್ಟುಕೊಳ್ಳೋಣ. ತುತ್ತತುದಿಯಿಂದ ಕೆಳಗಿಳಿಯಲಿಕ್ಕೆ ಅದಕ್ಕೆ ನೂರರಲ್ಲಿ ೨೦ ಅಂಶ ಬೇಕು. ತುದಿಯಲ್ಲಿಯೇ ಚೆಂಡನ್ನು ಸಂಧಿಸಿದವಳು ಈ ೨೦ ಅಂಶವನ್ನು ಎದುರಾಳಿಗೆ ಕೊಡುವದಿಲ್ಲ. ಇಳಿಯುವ ವರೆಗೆ ಕಾದವಳು ದಾನಮಾಡಿಬಿಡುವಳು. ಆದುದರಿಂದ ಬೇಗ ಸಂಧಿಸುವದರಿಂದ ದೊರೆಯುವ ಲಾಭವು ಬಲದಿಂದ ದೊರೆಯುವದರ ಎರಡರಷ್ಟಕ್ಕೂ ಹೆಚ್ಚು. ಅದಕ್ಕೆ ಬೇಕಾದದ್ದು ತೋಳಿನ ಶಕ್ತಿಯಲ್ಲ. ಕಣ್ಣು ಎದುರಾಳಿಯ ಬ್ಯಾಟಿನ ಮೇಲಿದ್ದು, ನಮ್ಮ ಬ್ಯಾಟು ಮೊದಲೇ ಸಿದ್ಧವಾಗಿರುವದು. ಚೆಂಡನ್ನು ಮೈಗೆ ತಾಗುವಷ್ಟು ಒಳಕ್ಕೆ ಬಿಡದೆ ಮುಂದೆಯೇ ಸಂಧಿಸಬೇಕು.

೫. ಸುತ್ತು

ಬಲವಾಗಿ ಹೊಡೆದ ಚೆಂಡು ಮೇಜನ್ನು ದಾಟಿ ಹೋಗುವದೇಕೆ? ಇದಕ್ಕೂ ಲೆಕ್ಕವುಂಟು. ಮೇಜಿನ ಕೊನೆಯಲ್ಲಿ, ಮೇಜಿನ ಮೇಲೆ ೨೫ ಸೆಂಟಿಮೀಟರು ಎತ್ತರದಲ್ಲಿರುವ ಚೆಂಡನ್ನು ಸುತ್ತಿಲ್ಲದೆ ಅಡ್ಡನೆ ಹೊಡೆದರೆ, ಅದು ಎದುರಿನ ಅಂಚಿನೊಳಗೆ ಬೀಳುವದಕ್ಕೆ ಅದರ ವೇಗವು ಸೆಕೆಂಡಿಗೆ ಸುಮಾರು ಹನ್ನೆರಡು ಮೀಟರಿಗಿಂತ ಹೆಚ್ಚಾಗಿರಕೂಡದು. ಗಾಳಿಯ ತಡೆಯು ಸ್ವಲ್ಪ ಸಹಾಯಮಾಡೀತು; ಆದರೆ ಭೂಮಿಯು ಎಳೆಯುವ ರೀತಿಯು ಎಲ್ಲರಿಗೂ ಒಂದೇ. ಅದಕ್ಕಿಂತ ವೇಗ ಬೇಕಾದವಳು ಚೆಂಡಿಗೆ ಟಾಪ್‌ಸ್ಪಿನ್ ಕೊಡಬೇಕು. ಅಂದರೆ ಚೆಂಡಿನ ಮೇಲ್ಭಾಗವು ಮುಂದಕ್ಕೆ ಉರುಳುವಂತೆ ಸುತ್ತಿಸಬೇಕು. ಹಾಗೆ ಸುತ್ತುವ ಚೆಂಡನ್ನು ಗಾಳಿಯೇ ಕೆಳಕ್ಕೆ ಒತ್ತುವದು. ಇದಕ್ಕಾಗಿ ಬ್ಯಾಟಿನ ಮುಖವನ್ನು ತುಸು ಕೆಳಕ್ಕೆ ಬಾಗಿಸಿ, ಚೆಂಡನ್ನು ಬರೇ ಗುದ್ದದೆ, ಮುಂದಕ್ಕೂ ಮೇಲಕ್ಕೂ ಸವರಿಕೊಂಡು ಹೋಗಬೇಕು. ಚೆಂಡು ಬಲೆಗೆ ಬೀಳುತ್ತಿದ್ದರೆ ಮುಖವು ಅತಿಯಾಗಿ ಬಾಗಿದೆ, ಇಲ್ಲವೆ ಚೆಂಡು ಇಳಿದ ಮೇಲೆ ಹೊಡೆದದ್ದಾಗಿದೆ. ಮೇಜನ್ನು ದಾಟುತ್ತಿದ್ದರೆ ಮುಖವು ತೆರೆದಿದೆ, ಇಲ್ಲವೆ ಸವರುವದಕ್ಕಿಂತ ಗುದ್ದುವದು ಹೆಚ್ಚಾಗಿದೆ. ಎಲ್ಲವೂ ಸರಿಯಿದ್ದು ಚೆಂಡು ಸಪ್ಪೆಯಾಗಿ ಹೋಗುತ್ತಿದ್ದರೆ ಹೆಗಲನ್ನು ಮುಟ್ಟಿ ನೋಡಿರಿ, ಅದು ಕಲ್ಲಿನಂತಿರುವದು.

೬. ಹಿಂದಿರುಗುವದು

ವೇಗವಾಗಿ ಹೋದ ಚೆಂಡು ವೇಗವಾಗಿಯೇ ತಿರಿಗಿ ಬರುವದೆಂಬದನ್ನು ಹುಡುಗಿಯರು ಮರೆಯುವರು. ಒಂದು ಒಳ್ಳೆಯ ಹೊಡೆತವನ್ನು ಹೊಡೆದು ಅದನ್ನೇ ನೋಡುತ್ತ ನಿಂತವಳು ಮುಂದಿನ ಚೆಂಡಿಗೆ ಸೋಲುವಳು. ಹೊಡೆದ ಮೇಲೆ ಬ್ಯಾಟು ಚೆಂಡು ಹೋದ ದಿಕ್ಕಿಗೆ ಸ್ವಲ್ಪ ದೂರ ಹೋಗಿ, ಕೂಡಲೆ ಹೊಟ್ಟೆಯ ಮುಂದಣ ತನ್ನ ಸ್ಥಳಕ್ಕೆ ಬರಬೇಕು. ಹೊಡೆತವು ಮುಗಿಯುವದು ಬ್ಯಾಟು ಮನೆಗೆ ಬಂದಾಗಲೇ ಎಂದು ನಾನು ಹೇಳುವದುಂಟು.

ಅಭ್ಯಾಸದ ಕ್ರಮ

ಈ ಕ್ರಮವು ಆರು ವಾರಗಳದ್ದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಹೆಚ್ಚು ಬೇಡ.

ಮೊದಲನೆಯ ವಾರದಲ್ಲಿ ಚೆಂಡನ್ನು ಮುಟ್ಟಲೇಕೂಡದು. ಕನ್ನಡಿಯ ಮುಂದೆ ನಿಂತು ಇಪ್ಪತ್ತು ಇಪ್ಪತ್ತರಂತೆ ಮೂರಾವರ್ತಿ ಕೈಬೀಸಬೇಕು. ಬ್ಯಾಟು ಗಾಳಿಯನ್ನು ಸೀಳುವಾಗ ಸುಯ್ಯೆಂಬ ಸದ್ದು ಕೇಳುವದು. ಆ ಸದ್ದು ಹೊಟ್ಟೆಯ ಬಳಿಯಲ್ಲಿ ಕೇಳಿದರೆ ಶಕ್ತಿಯು ಮೊದಲೇ ವ್ಯಯವಾಯಿತು. ಚೆಂಡನ್ನು ಸಂಧಿಸತಕ್ಕ ಸ್ಥಳದಲ್ಲಿ, ಮೈಯ ಮುಂದೆ ಕೇಳಿದರೆ ಸರಿಯಾಯಿತು. ಕಿವಿಗಿಂತ ಒಳ್ಳೆಯ ಶಿಕ್ಷಕಿಯು ಈ ವಿಷಯದಲ್ಲಿಲ್ಲ.

ಎರಡನೆಯ ವಾರದಲ್ಲಿ ಜೊತೆಗಾರ್ತಿಯು ಒಂದೊಂದೇ ಚೆಂಡನ್ನು ಕೈಯಿಂದ ಮೇಜಿನ ಮೇಲೆ ಪುಟಿಸಿ ಕೊಡಲಿ. ಎದುರು ಮೂಲೆಯಲ್ಲಿ ಒಂದು ಹಾಳೆಯನ್ನು ಹಾಸಿ, ಅದರ ಮೇಲೆ ಬೀಳುವಂತೆ ಹೊಡೆಯಬೇಕು. ವೇಗವನ್ನು ಕುರಿತು ಯೋಚಿಸಲೇಬಾರದು.

ಮೂರನೆಯ ಮತ್ತು ನಾಲ್ಕನೆಯ ವಾರಗಳಲ್ಲಿ ಇಬ್ಬರೂ ಮೂಲೆಯಿಂದ ಮೂಲೆಗೆ ಬ್ಯಾಕ್‌ಹ್ಯಾಂಡ್ ಮಾತ್ರ ಆಡಲಿ. ಇಪ್ಪತ್ತು ಹೊಡೆತಗಳನ್ನು ಎಣಿಸಬೇಕು. ಇಪ್ಪತ್ತೂ ಸರಿಯಾಗಿ ಬಿದ್ದರೆ ಮುಂದಿನ ಇಪ್ಪತ್ತನ್ನು ಒಂದಿಷ್ಟೇ ಚುರುಕಾಗಿ ಹೊಡೆಯಬಹುದು. ಹದಿನೈದಕ್ಕೆ ಕಡಿಮೆ ಬಿದ್ದರೆ ತಿರಿಗಿ ನಿಧಾನಕ್ಕೆ ಬರಬೇಕು. ಈ ನಿಯಮದಲ್ಲಿ ದಾಕ್ಷಿಣ್ಯವಿಲ್ಲ. ತಪ್ಪು ಹೊಡೆತವನ್ನು ನೂರು ಸಾರಿ ವೇಗವಾಗಿ ಹೊಡೆದವಳು ತಪ್ಪನ್ನೇ ಗಟ್ಟಿಯಾಗಿ ಕಲಿತಂತಾಯಿತು.

ಐದನೆಯ ವಾರದಲ್ಲಿ ಮೂರು ಬಗೆಯ ವೇಗಗಳನ್ನು ಬದಲಾಯಿಸಿ ಆಡುವದು: ಮೂರರಲ್ಲೊಂದು ಪಾಲು, ಮೂರರಲ್ಲೆರಡು ಪಾಲು, ಪೂರ್ಣ. ಆರನೆಯ ವಾರದಲ್ಲಿ ಒಂದು ಬುಟ್ಟಿಯಲ್ಲಿ ಚೆಂಡುಗಳನ್ನಿಟ್ಟುಕೊಂಡು ಜೊತೆಗಾರ್ತಿಯು ಒಂದರ ಹಿಂದೊಂದು ಕಳುಹಿಸುವದು; ಮೊದಲು ಎಡಕ್ಕೇ, ಆಮೇಲೆ ಎಡಕ್ಕೊಂದು ನಡುವೆ ಒಂದು, ಕಡೆಗೆ ಮನಬಂದಂತೆ. ಯಾವ ದಿನವಾದರೂ ಮೊಣಕೈಯಲ್ಲಾಗಲಿ ಮಣಿಕಟ್ಟಿನಲ್ಲಾಗಲಿ ನೋವು ಕಂಡರೆ ಆ ದಿನದ ಆಟವು ಅಲ್ಲಿಗೆ ಮುಗಿಯಿತು. ನೋವು ಉಳಿದರೆ ವೈದ್ಯರಿಗೆ ತೋರಿಸಬೇಕು.

ವೇಗವೇ ಆಟದ ಸರ್ವಸ್ವವೆಂದು ಯಾರೂ ತಿಳಿಯಬಾರದು. ೨೦೧೮ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಸ್ತ್ರೀಯರ ಸಿಂಗಲ್ಸಿನ ಚಿನ್ನದ ಪದಕವನ್ನು ಗೆದ್ದ ನಮ್ಮ ದೇಶದ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿನ ಬದಿಗೆ ಉದ್ದ ಮೊನೆಗಳುಳ್ಳ ರಬ್ಬರನ್ನು ಹಚ್ಚಿ ಆಡುವವರು. ಆ ರಬ್ಬರು ಬಂದ ಚೆಂಡಿನ ವೇಗವನ್ನು ತಗ್ಗಿಸಿ, ಸುತ್ತನ್ನು ಗಲಿಬಿಲಿಮಾಡಿ ಎದುರಾಳಿಯನ್ನು ತೊಡಕಿಗೆ ಸಿಕ್ಕಿಸುವದು. ಚುರುಕಾದ ಹೊಡೆತವನ್ನು ಬಲ್ಲವಳಿಗೆ ನಿಧಾನದ ಹೊಡೆತವೂ ಆಯುಧವಾಗುವದು. ನಿಧಾನವನ್ನು ಮಾತ್ರ ಬಲ್ಲವಳಿಗೆ ಅದು ಬಿಡಿಸಲಾರದ ಕಟ್ಟು.

ತಂದೆತಾಯಂದಿರಲ್ಲಿ ನನ್ನ ಒಂದು ಅರಿಕೆಯುಂಟು. ಆಟವು ಓದಿಗೆ ಶತ್ರುವೆಂದು ಕೆಲವರು ಭಾವಿಸುತ್ತಾರೆ. ಬೆಂಗಳೂರಿನ ಅರ್ಚನಾ ಕಾಮತ್ ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಸ್ತ್ರೀಯರ ತಂಡದೊಡನೆ ಕ್ವಾರ್ಟರ್ ಫೈನಲಿನ ವರೆಗೆ ಹೋಗಿ, ಜರ್ಮನಿಗೆ ಸೋತ ಆ ಪಂದ್ಯದಲ್ಲಿ ಭಾರತಕ್ಕೆ ದೊರೆತ ಒಂದೇ ಗೆಲುವನ್ನು ತಂದರು. ಆ ಬಳಿಕ ಉನ್ನತ ವ್ಯಾಸಂಗವನ್ನು ಆರಿಸಿಕೊಂಡು ಪರದೇಶಕ್ಕೆ ಹೋದರು. ಎರಡನ್ನೂ ಒಂದೇ ಕೈ ಮಾಡಬಲ್ಲದು. ಆದರೆ ಮಗಳ ಕೈ ನೋಯುತ್ತಿದ್ದರೆ, ಆ ನನ್ನ ಶಿಷ್ಯೆಯ ತಾಯಿಯವರಂತೆ ಶಾಲೆಗೆ ಬಂದು ಹೇಳಲು ಸಂಕೋಚಪಡಬೇಡಿರಿ. ಕಲಿಸುವವರು ತಪ್ಪುವದುಂಟು, ಹೇಳುವವರಿಲ್ಲದಿದ್ದರೆ ತಪ್ಪುತ್ತಲೇ ಇರುವರು.

ಆ ಹುಡುಗಿಯ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಲ್ಲಿಯ ಬಳಿ ಕಂಡದ್ದನ್ನು ನಾನು ಅವಳ ಮನೆಗೆ ಹೋಗಿ ತಾಯಿಯವರಿಗೆ ತಿಳಿಸಿ, ತಪ್ಪು ನನ್ನದೆಂದು ಒಪ್ಪಿಕೊಂಡೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ನೋವು ಪೂರಾ ಹೋಗಲಿ ಟೀಚರೇ. ಆಮೇಲೆ ನೋಡೋಣ. ಆದರೆ ಅವಳು ಆಡುವಾಗ ನಾನೂ ಬಂದು ಕೂತುಕೊಳ್ಳುತ್ತೇನೆ" ಎಂದರು. ಎರಡು ತಿಂಗಳಾದ ಮೇಲೆ ಅವರು ಹೇಳಿದಂತೆಯೇ ಬಂದರು. ಜಗಲಿಯ ಬೆಂಚಿನ ಮೇಲೆ ಕುಳಿತು, ಮೊದಲು ಮಗಳ ಮೊಣಕೈಯನ್ನೇ ನೋಡುತ್ತಿದ್ದರು. ಎರಡನೆಯ ವಾರದಲ್ಲಿ ಹಾಳೆಯ ಮೇಲೆ ಬಿದ್ದ ಚೆಂಡುಗಳನ್ನು ನೋಡತೊಡಗಿದರು. ಮೂರನೆಯ ವಾರದಿಂದ ಇಪ್ಪತ್ತರ ಎಣಿಕೆಯು ಅವರದೇ ಆಯಿತು. ಹದಿನಾಲ್ಕು ಬಿದ್ದರೆ, "ಹದಿನಾಲ್ಕು. ನಿಧಾನ ಮಗಳೇ" ಎಂದು ಅವರೇ ಹೇಳುವರು, ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಮರುವರುಷ ಅದೇ ಪಂದ್ಯದಲ್ಲಿ ಅದೇ ಎದುರಾಳಿಯು ದೊರೆತಳು. ಅವಳು ಮೊದಲಿನಂತೆಯೇ ಎಡಕ್ಕೆ ಹಾಕಿದಳು. ನಮ್ಮವಳು ಓಡಲಿಲ್ಲ, ನಿಂತಲ್ಲಿಂದಲೇ ಮುಚ್ಚಳ ಕೊಡವಿದಂತೆ ಕೊಡವಿದಳು. ಮೊದಲನೆಯ ಗೇಮು ನಮ್ಮದಾಯಿತು. ಎರಡನೆಯದರ ನಡುವಿನಲ್ಲಿ ಎದುರಾಳಿಯು ಚೆಂಡನ್ನು ಬಲಕ್ಕೆ ತಿರುಗಿಸಿದಳು. ಕೊನೆಗೆ ಐದು ಗೇಮುಗಳಲ್ಲಿ ಎರಡನ್ನು ಗೆದ್ದು ಮೂರ್ನ್ನು ಬಿಟ್ಟುಕೊಟ್ಟು ನಾವು ಸೋತೆವು. ಹುಡುಗಿಯ ಕಣ್ಣಲ್ಲಿ ನೀರಿತ್ತು. ತಾಯಿಯವರಾದರೋ ನನ್ನ ಕಡೆಗೆ ತಿರುಗಿ, "ನೋಡಿದಿರಾ ಟೀಚರೇ? ಆಮೇಲೆ ಅವಳ ಎಡಕ್ಕೆ ಹಾಕಲಿಕ್ಕೆ ಆ ಹುಡುಗಿಗೆ ಧೈರ್ಯ ಬರಲಿಲ್ಲ" ಎಂದರು.

ಆ ಶಿಷ್ಯೆಯು ಈಗ ಗೃಹಿಣಿಯೂ ಉದ್ಯೋಗಸ್ಥೆಯೂ ಆಗಿದ್ದಾಳೆ. ಶಾಲೆಗೆ ಬಂದಾಗ ಮೇಜಿನ ಬಳಿ ಹೋಗದೆ ಹಿಂದಿರುಗುವದಿಲ್ಲ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರೂ ಹಾಗೆಯೇ ಬರಬೇಕೆಂದು ಕೋರುತ್ತೇನೆ. ಹೆಣ್ಣುಮಕ್ಕಳಿದ್ದರೆ ಕರೆದುಕೊಂಡು ಬನ್ನಿರಿ. ಬ್ಯಾಟುಗಳು ಜಗಲಿಯ ಕಪಾಟಿನಲ್ಲಿವೆ. ಬೀಗದ ಕೈ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿರುವದು.